‘ಮರದ ಮೇಲೆ’ ಎನ್ನುವಾಗ ಆ ‘ದ’ ಏನು ಮಾಡುತ್ತಿದೆ?

ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಬಸ್ಸಿಳಿದು ಯಾರದಾದರೂ ಮನೆ ಎಲ್ಲಿ ಎಂದು ಕೇಳಿ. ‘ಗುಡಿ ಹಿಂದೆ ಹೋಗ್ರಿ, ಬೇವಿನ ಮರದ ಪಕ್ಕ, ಮೇಷ್ಟ್ರ ಮನೆ ಎದುರಿಗೆ’ ಎಂಬಂಥ ಉತ್ತರ ಬರುತ್ತದೆ. ನಾಡಿನ ಯಾವ ಊರಿನಲ್ಲಾದರೂ ಸಿಗುವ ಉತ್ತರವೇ. ಆದರೆ ಒಮ್ಮೆ ನಿಂತು ಕೇಳಿಸಿಕೊಳ್ಳಿ! ಮೇಷ್ಟ್ರ ಮನೆ ಸರಿ, ಮನೆ ಮೇಷ್ಟ್ರದು. ಆದರೆ ‘ಮರದ ಪಕ್ಕ’? ಅಲ್ಲಿಯೂ ಅದೇ ಷಷ್ಠೀ ವಿಭಕ್ತಿ, ಅದೇ ಒಡೆತನದ ಪ್ರತ್ಯಯ. ಹಾಗಾದರೆ ಬೇವಿನ ಮರ ಯಾವುದರ ಒಡೆಯ? ತನ್ನ ಪಕ್ಕದ ಒಡೆಯ! ಗುಡಿಗೆ ತನ್ನದೇ ಹಿಂದು ಇದೆ, ಮನೆಗೆ ತನ್ನದೇ ಎದುರು ಇದೆ. ಕನ್ನಡದಲ್ಲಿ ಜಾಗ ಹೇಳುವುದೆಂದರೆ ಬಹುಪಾಲು ಯಾರದು ಎಂದು ಹೇಳುವುದೇ.

ಮೇಲೆ, ಕೆಳಗೆ, ಒಳಗೆ, ಹಿಂದೆ, ಮುಂದೆ. ಇವನ್ನು ಅವ್ಯಯ ಎಂದು ಶಾಲೆಯಲ್ಲಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮುಟ್ಟಿ ನೋಡಿದರೆ ಇವುಗಳೊಳಗೆ ಇನ್ನೂ ಉಸಿರಾಡುತ್ತಿರುವ ನಾಮಪದಗಳಿವೆ. ಮೇಲಿನ, ಮೇಲಕ್ಕೆ, ಮೇಲಿನಿಂದ, ಒಳಗಿನ, ಒಳಗಿನಿಂದ. ನಾಮಪದಕ್ಕೆ ಹತ್ತುವ ವಿಭಕ್ತಿಗಳಲ್ಲಿ ಹಲವು ಇವಕ್ಕೂ ಹತ್ತುತ್ತವೆ! ಹಾಗಾಗಿಯೇ ಅವುಗಳ ಹಿಂದೆ ಒಬ್ಬ ಒಡೆಯ ನಿಲ್ಲಬೇಕು. ಆಡುಮಾತಿನಲ್ಲಿ ‘ಗುಡಿಯ ಹಿಂದೆ’ ಎಂಬುದು ‘ಗುಡಿ ಹಿಂದೆ’ ಆಗುತ್ತದೆ, ‘ಮನೆಯ ಮುಂದೆ’ ಎಂಬುದು ‘ಮನೆ ಮುಂದೆ’ ಆಗುತ್ತದೆ. ಯಕಾರ ಕರಗಿ ಹೋಗುತ್ತದೆ. ಆದರೆ ಮರ, ಹೊಲ, ಕಣ ಇವುಗಳ ದಕಾರ ಎಂಥ ಅವಸರದ ಮಾತಿನಲ್ಲೂ ಬಿದ್ದುಹೋಗುವುದಿಲ್ಲ. ಆಗತಾನೇ ಮಾತು ಕಲಿತ ಮಗುವೂ ‘ಮರದ್ ಮೇಲೆ’ ಎನ್ನುತ್ತದೆ. ಆ ಮಗುವಿಗೆ ವ್ಯಾಕರಣ ಕಲಿಸಿದವರು ಯಾರು?

ಈಗ ಇಂಗ್ಲಿಷಿಗೆ ಬನ್ನಿ. ‘ಇನ್ ಫ್ರಂಟ್ ಆಫ್ ದ ಟೆಂಪಲ್’, ಗುಡಿಯ ಮುಂಭಾಗದಲ್ಲಿ. ‘ಆನ್ ಟಾಪ್ ಆಫ್ ದ ಟ್ರೀ’, ಮರದ ತುದಿಯಲ್ಲಿ. ಅಲ್ಲಿಯೂ ಗುಡಿಗೆ ಮುಂಭಾಗವನ್ನು, ಮರಕ್ಕೆ ತುದಿಯನ್ನು ಬರೆದುಕೊಟ್ಟಿದ್ದಾರೆ! ‘ಬಿಸೈಡ್’ ಎಂಬ ಒಂದೇ ಪದದೊಳಗೆ ‘ಬೈ’ ಮತ್ತು ‘ಸೈಡ್’ ಕೂತಿವೆ. ಹಳೆಯ ಇಂಗ್ಲಿಷಿನಲ್ಲಿ ಅದರ ಜೊತೆ ಬರುವ ನಾಮಪದ ಷಷ್ಠಿಯಲ್ಲೇ ಇರುತ್ತಿತ್ತು, ನಮ್ಮ ‘ಮರದ ಪಕ್ಕ’ದ ಹಾಗೆ. ‘ಫಾರ್ ದ ಚಿಲ್ಡ್ರನ್ಸ್ ಸೇಕ್’ ಎಂದರೆ ‘ಮಕ್ಕಳ ಸಲುವಾಗಿ’. ‘ಆನ್ ಮೈ ಬಿಹಾಫ್’ ಎಂದರೆ ‘ನನ್ನ ಪರವಾಗಿ’. ಒಂದು ದ್ರಾವಿಡ ಭಾಷೆ, ಇನ್ನೊಂದು ಜರ್ಮ್ಯಾನಿಕ್ ಕುಲದ್ದು; ಹುಟ್ಟಿನಲ್ಲಿ ನಂಟಿಲ್ಲ, ಆದರೂ ಎರಡೂ ಅದೇ ಉಪಾಯವನ್ನು ಕಂಡುಕೊಂಡಿವೆ!

ಸಾಲು ಮಾತ್ರ ತಿರುವುಮುರುವು. ‘ಮರದ ಮೇಲಿನ ಹಕ್ಕಿಯ ಗೂಡಿನ ಒಳಗಿನ ಮರಿ’ ಎನ್ನಿ. ಪ್ರತಿ ಪದವೂ ಮುಂದಿನದಕ್ಕೆ ಒಡೆಯನಾಗುತ್ತ ಹೋಗಿ ಕೊನೆಗೆ ಮರಿ ಸಿಗುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ‘ದ ಚಿಕ್ ಇನ್ಸೈಡ್ ದ ನೆಸ್ಟ್ ಆಫ್ ದ ಬರ್ಡ್ ಆನ್ ಟಾಪ್ ಆಫ್ ದ ಟ್ರೀ’. ಕೊನೆಯಿಂದ ಹಿಂದಕ್ಕೆ ಓದಿಕೊಂಡು ಬನ್ನಿ: ಮರ, ಮೇಲೆ, ಹಕ್ಕಿ, ಗೂಡು, ಒಳಗೆ, ಮರಿ. ಒಂದು ಪದವೂ ತಪ್ಪಿಲ್ಲ! ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ ಪ್ರಿಪೊಸಿಷನ್ ಕಲಿಸುವಾಗ ಮೊದಲು ತೋರಿಸಬೇಕಾದದ್ದು ಇದನ್ನೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪಟ್ಟಿ ಉರು ಹೊಡೆಸುವುದು ಆಮೇಲೆ.

ನನ್ನನ್ನು ಕುಣಿಸಿಬಿಟ್ಟದ್ದು ಇನ್ನೊಂದು ಸಂಗತಿ. ಇಂಗ್ಲಿಷಿನವರು ‘ಅಟ್ ದ ಡಾಕ್ಟರ್ಸ್’, ‘ಅಟ್ ದ ಬಾರ್ಬರ್ಸ್’, ‘ಅಟ್ ಮೈ ಅಂಕಲ್ಸ್’ ಎನ್ನುತ್ತಾರೆ. ಡಾಕ್ಟರ ಏನು? ಮಾವನ ಏನು? ಹೇಳುವುದೇ ಇಲ್ಲ! ಒಡೆಯ ಉಳಿದ, ಒಡವೆ ಮಾಯವಾಯಿತು. ಲಂಡನ್ನಿನ ದೊಡ್ಡ ಚರ್ಚನ್ನೂ ‘ಸೇಂಟ್ ಪಾಲ್ಸ್’ ಎಂದಷ್ಟೇ ಕರೆದು, ಚರ್ಚು ಎಂಬುದನ್ನು ಕೇಳುವವರಿಗೇ ಬಿಡುತ್ತಾರೆ. ಆ ಕೊನೆಯ ಸಕಾರ ಹಳೆಯ ಇಂಗ್ಲಿಷಿನ ‘ಎಸ್’ ಪ್ರತ್ಯಯದ ಉಳಿಕೆ. ಅದರ ತಲೆಯ ಮೇಲಿನ ಅಪಾಸ್ಟ್ರಫಿ ಚಿಹ್ನೆ ಬಹಳ ತಡವಾಗಿ, 17–18ನೇ ಶತಮಾನಗಳಲ್ಲಿ ನೆಲೆ ನಿಂತದ್ದು.

ನಮ್ಮಲ್ಲಿ ಹೀಗಿಲ್ಲ, ನಾವು ‘ಮಾವನ ಮನೆಗೆ’ ಎಂದು ಮನೆಯನ್ನೂ ಹೇಳುತ್ತೇವೆ ಎನ್ನುತ್ತೀರಾ? ನಿಲ್ಲಿ, ಆ ‘ನಮ್ಮಲ್ಲಿ’ಯನ್ನೇ ಬಿಡಿಸಿ ನೋಡಿ! ನಮ್ಮ ಮತ್ತು ಅಲ್ಲಿ. ಅಲ್ಲಿ ಎಂದರೆ ಆ ಜಾಗ. ಮುಂಗಾರು ಶುರುವಾದರೆ ಬಿಳಿಚೋಡಿನ ಕಡೆಯ ರೈತರು ಫೋನಿನಲ್ಲಿ ಬೀಗರನ್ನು ಮೊದಲು ಕೇಳುವುದು ‘ನಿಮ್ಮಲ್ಲಿ ಮಳೆ ಆತಾ?’ ಎಂದು. ನಿಮ್ಮ ಊರಲ್ಲೋ, ನಿಮ್ಮ ಹೊಲದಲ್ಲೋ, ನಿಮ್ಮ ಸೀಮೆಯಲ್ಲೋ? ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಬ್ರಿಟನ್ನಿನ ಇಂದಿನ ಆಡುಮಾತಿನ ‘ಅಟ್ ಯುವರ್ಸ್’ ಇದರ ತಮ್ಮನೇ ಸರಿ. ‘ಗೌಡ್ರ ತಾವ’ ಎನ್ನುವ ಸೀಮೆಯವರ ಮಾತಿನಲ್ಲೂ ಇದೇ ಕಟ್ಟು. ತಾವು ಎಂದರೆ ಜಾಗ, ಗೌಡರ ಜಾಗದಲ್ಲಿ ಎಂದು ಅರ್ಥ.

ಈಗ ನಾವೆಲ್ಲ ಬಾಯಿಪಾಠ ಮಾಡಿದ ವಿಭಕ್ತಿ ಪಟ್ಟಿಯನ್ನು ನೆನೆದುಕೊಳ್ಳಿ. ಸಪ್ತಮಿ ‘ಅಲ್ಲಿ’: ಮನೆಯಲ್ಲಿ ಎಂದರೆ ಮನೆಯ ಅಲ್ಲಿ, ಹೊಲದಲ್ಲಿ ಎಂದರೆ ಹೊಲದ ಅಲ್ಲಿ. ಪಂಚಮಿ ‘ದೆಸೆಯಿಂದ’: ರಾಮನ ದೆಸೆಯಿಂದ. ದೆಸೆ ಎಂದರೆ ದಿಕ್ಕು, ರಾಮನ ದಿಕ್ಕಿನಿಂದ! ಏಳರಲ್ಲಿ ಎರಡರ ಹೊಟ್ಟೆಯೊಳಗೆ ಆರನೆಯದೇ ಅಡಗಿ ಕುಳಿತಿದೆ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆದಾಗ ಈ ಜಾಗಗಳಲ್ಲಿ ಕೊಟ್ಟ ಪ್ರತ್ಯಯಗಳು ‘ಒಳ್’ ಮತ್ತು ‘ಅತ್ತಣಿಂ’. ಒಳ್ ಎಂದರೆ ಒಳಗು, ಅತ್ತಣಿಂ ಎಂದರೆ ಅತ್ತ ಕಡೆಯಿಂದ. ಪದಗಳು ಬದಲಾಗಿವೆ, ಆದರೆ ಕಟ್ಟು ಏಳುನೂರು ವರ್ಷ ಕಳೆದರೂ ಹಾಗೆಯೇ ನಿಂತಿದೆ! ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ನೋಡಬಾರದು ಎಂದು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ವಾದಿಸಿದ್ದು ಯಾಕೆಂದು ಇಂಥ ಕಡೆ ಬೆರಳಿಟ್ಟಾಗ ಮನದಟ್ಟಾಗುತ್ತದೆ.

ಎಲ್ಲ ಕಡೆಯೂ ಷಷ್ಠಿಯೇ ಎಂದಲ್ಲ. ‘ಮಳೆಗೆ ಮುಂಚೆ’, ‘ಊಟಕ್ಕೆ ಮೊದಲು’ ಎನ್ನುವಾಗ ಚತುರ್ಥಿ ಬರುತ್ತದೆ. ಆದರೆ ‘ಒಂದು ವಾರದ ಹಿಂದೆ’ ಎನ್ನುವಾಗ ಮತ್ತೆ ಷಷ್ಠಿ. ಗುಡಿಗೆ ಹಿಂದು ಇರುವ ಹಾಗೆಯೇ ವಾರಕ್ಕೂ ಹಿಂದು ಇದೆ! ಇಂಗ್ಲಿಷಿನವರು ‘ಇನ್ ಅ ವೀಕ್ಸ್ ಟೈಮ್’ ಎಂದು ವಾರಕ್ಕೆ ಒಡೆತನ ಕೊಟ್ಟು ಮುಂದಕ್ಕೆ ನೋಡುತ್ತಾರೆ, ನಾವು ಅದೇ ಒಡೆತನ ಕೊಟ್ಟು ಹಿಂದಕ್ಕೆ ನೋಡುತ್ತೇವೆ.

ಇನ್ನೂ ಒಂದಿದೆ, ಇದನ್ನು ಕಂಡಾಗ ನಾನು ಎದ್ದು ನಿಂತೆ. ‘ಮರದ ಮೇಲೆ’ ಎನ್ನುವ ನಾವೇ ‘ಮಳೆ ಬಂದ ಮೇಲೆ ಮೆಕ್ಕೆಜೋಳ ಬಿತ್ತೋಣ’ ಎನ್ನುತ್ತೇವೆ. ‘ಮೇಲೆ’ ಅದೇ, ಅದರ ಹಿಂದಿನ ಅಕಾರದ ಕೊನೆಯೂ ಅದೇ. ಆದರೆ ಒಡೆಯನ ಜಾಗದಲ್ಲಿ ಈಗ ನಿಂತಿರುವುದು ವಸ್ತುವಲ್ಲ, ನಡೆದುಹೋದ ಒಂದು ಕ್ರಿಯೆ! ಬಂದ ಮೇಲೆ, ಹೋದ ಮೇಲೆ, ಉಂಡ ಮೇಲೆ. ಮರಕ್ಕೊಂದು ಮೇಲು ಇರುವಂತೆ ಮಳೆ ಬಂದದ್ದಕ್ಕೂ ಒಂದು ಮೇಲು ಇದೆ; ಬಿತ್ತನೆ ನಡೆಯುವುದು ಅದರಲ್ಲಿ. ‘ಬರುವ ಮುನ್ನ’ ಎನ್ನಿ, ಇನ್ನೂ ಬಾರದ ಮಳೆಗೂ ತನ್ನದೇ ಒಂದು ಮುನ್ನ ಸಿಕ್ಕಿಬಿಡುತ್ತದೆ.