ನೆಲದ ನಡುಕವೂ ಊರಿನ ಸಿದ್ಧತೆಯೂ

ನಂದಿಬೆಟ್ಟದ ಹೆಬ್ಬಂಡೆಗಳನ್ನು ನೋಡುತ್ತಲೇ ಬೆಳೆದ ಚಿಕ್ಕಬಳ್ಳಾಪುರ ಸೀಮೆಯ ಜನರಿಗೆ ಕಾಲ ಕೆಳಗಿನ ನೆಲ ಅಚಲವೆಂಬ ನಂಬಿಕೆ ಮೂಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲಿ ಅಗ್ನಿಪರ್ವತವಿಲ್ಲ, 2002ರ ಭೂಕಂಪ ವಲಯಪಟದಲ್ಲಿಯೂ ಈ ಪ್ರಾಂತಕ್ಕೆ ದೊರೆತದ್ದು ಅತ್ಯಲ್ಪ ಅಪಾಯದ ಎರಡನೆಯ ವಲಯ. ಆದರೂ 2021ರ ನವೆಂಬರಿನಲ್ಲಿ ಚಿಂತಾಮಣಿ ತಾಲ್ಲೂಕಿನ ಮಿಟ್ಟಹಳ್ಳಿಯ ಜನ ಭೂಗರ್ಭದಿಂದ ಎದ್ದ ಸದ್ದಿಗೆ ಬೆದರಿ ಮನೆಯಿಂದ ಹೊರಗೋಡಿ ಬಂದರು; ಡಿಸೆಂಬರ್ 22ರ ಬೆಳಿಗ್ಗೆ ಏಳರ ಸುಮಾರಿಗೆ, ಕೆಲವೇ ನಿಮಿಷಗಳ ಅಂತರದಲ್ಲಿ, 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳು ಜಿಲ್ಲೆಯಲ್ಲಿ ದಾಖಲಾದವು.

ವರ್ಷಾನುವರ್ಷದ ಬರದಿಂದ ಬತ್ತಿದ ಶಿಲಾಬಿರುಕುಗಳಿಗೆ ಅತಿವೃಷ್ಟಿಯ ನೀರು ಇಳಿದು, ಒಳಗಿನ ಒತ್ತಡ ವ್ಯತ್ಯಾಸಗೊಂಡಾಗ, ಇಂಥ ಸದ್ದೂ ಲಘುಕಂಪನಗಳೂ ಹುಟ್ಟುವುದುಂಟು. ಕಾರಣ ಇಷ್ಟು ಸರಳವಾಗಿದ್ದರೂ ಅದನ್ನು ಮೊದಲೇ ತಿಳಿಸಿ ಹೇಳುವವರಿಲ್ಲದ ಊರಿನಲ್ಲಿ ಭಯವೇ ಕಂಪನಕ್ಕಿಂತ ದೊಡ್ಡದಾಗುವುದು. ಇದೇ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕ ಜಾಲವು 1960ರ ದಶಕದಿಂದಲೂ ಕಾರ್ಯನಿರತವಾಗಿದ್ದು, ದೂರದೇಶಗಳ ಅಣ್ವಸ್ತ್ರ ಪರೀಕ್ಷೆಗಳ ಕಂಪನವನ್ನೂ ಗುರುತಿಸಬಲ್ಲುದು. ಯಂತ್ರಕ್ಕೆ ತಿಳಿದದ್ದು ಹಳ್ಳಿಯ ಜಗಲಿಗೆ ತಲುಪದೆ ಹೋದರೆ ಆ ತಿಳಿವಿನಿಂದ ಹಳ್ಳಿಗೇನು ಲಾಭ?

ವಿಪತ್ತಿನ ಪ್ರಮಾಣವನ್ನು ನಿರ್ಣಯಿಸುವುದು ಪ್ರಕೃತಿಯೊಂದೇ ಅಲ್ಲ. 1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರುಯಿಸ್ ಅಗ್ನಿಪರ್ವತ ಉಕ್ಕಿದಾಗ ಅಪಾಯದ ನಕ್ಷೆ ಆಗಲೇ ಸಿದ್ಧವಾಗಿತ್ತು. ಆದರೂ ಸಕಾಲದಲ್ಲಿ ಸ್ಥಳಾಂತರಗೊಳ್ಳದೆ, ಅರ್ಮೆರೊ ಪಟ್ಟಣವೂ ಸುತ್ತಣ ಊರುಗಳೂ ಕೆಸರಿನ ಪ್ರವಾಹದಲ್ಲಿ 20,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡವು. ನಮ್ಮ ಗಡಿಯಾಚೆಯ ಲಾತೂರು ಪ್ರಾಂತದಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಲಗಿದ್ದವರ ಮೇಲೆ ಕುಸಿದದ್ದು ಕಲ್ಲುಮಣ್ಣಿನ ದಪ್ಪಗೋಡೆಗಳೂ ಭಾರದ ಮಣ್ಣಿನ ಮಾಳಿಗೆಗಳೂ. ಆ ನೆಲವೂ ಅದುವರೆಗೆ ನಿರಪಾಯವೆಂದೇ ಎಣಿಸಲ್ಪಟ್ಟಿತ್ತು.

ಅಪಾಯ ಎಲ್ಲರಿಗೂ ಒಂದೇ ಆದರೂ ಆಘಾತ ಒಂದೇ ಅಲ್ಲ. ಕಾಂಕ್ರೀಟು ಮನೆಯವನಿಗೂ ಹಳೆಯ ಕಲ್ಲುಚಪ್ಪಡಿಯ ಮಾಡಿನಡಿ ಮಲಗುವ ಕೂಲಿಯವಳಿಗೂ ಒಂದೇ ನಡುಕದ ಫಲ ಬೇರೆ. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರಿರುವ ರಾತ್ರಿ, ಸಾಲ ತಂದು ಬೆಳೆ ತೆಗೆಯುವ ರೈತನಿಗೆ ಮನೆ ಬಿಟ್ಟು ಹೊರಡಿರೆಂದರೆ ಅವನು ಹೊರಡಲಾರ. ಕುದಿನೀರಿನ ಒಲೆಯ ಮುಂದೆ ನೂಲು ಬಿಚ್ಚುವವರಿಗೆ ಸಣ್ಣ ನಡುಕವೂ ಸುಟ್ಟಗಾಯಕ್ಕೆ ಕಾರಣವಾದೀತು. ಮುದುಕರು, ಬಾಣಂತಿಯರು, ನಡೆಯಲಾರದವರು ಯಾವ ಮನೆಯಲ್ಲಿದ್ದಾರೆಂಬುದು ನೆರೆಯವರಿಗೆ ಗೊತ್ತು, ದಾಖಲೆಯ ಪುಸ್ತಕಕ್ಕೆ ಗೊತ್ತಿರುವುದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿರುತ್ತದೆ. ಯೋಜನೆಯನ್ನು ಬರೆಯುವುದು ಅದರ ಹೊಣೆ. ಅದು ಫಲಿಸುವುದು ಮಾತ್ರ ಗ್ರಾಮಸಭೆಯಲ್ಲಿ. ಬಿರುಕುಬಿಟ್ಟ ಗೋಡೆಗಳ ಪಟ್ಟಿ, ಆಸರೆ ಬೇಕಾದವರ ಹೆಸರುಗಳು, ಜನ ಸೇರಬೇಕಾದ ಬಯಲು, ವರ್ಷಕ್ಕೊಮ್ಮೆ ಶಾಲಾಮಕ್ಕಳಿಂದ ಅಭ್ಯಾಸ—ಇವಕ್ಕೆ ಹೆಚ್ಚಿನ ಹಣವೇನೂ ಬೇಡ. ನೆಲ ಮತ್ತೆ ನಡುಗುವುದನ್ನು ಕಾಯದೆ, ಮುಂದಿನ ಗ್ರಾಮಸಭೆಯಲ್ಲಿಯೇ ಓದುಗರು ಈ ಸಿದ್ಧತೆಯ ಪ್ರಶ್ನೆಯನ್ನು ಎತ್ತಬೇಕು.