ಏರುಪೇರಿನ ಮರಕ್ಕೂ ಒಂದು ಚೌಕಟ್ಟು

ಮಿರಜ ಜಂಕ್ಷನ್ನನ್ನು ನಡುವಿಟ್ಟು ನಕಾಶೆಯ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಎಳೆಯೋಣ. ಜತ್ತ ಈಶಾನ್ಯಕ್ಕೆ, ಅಥಣಿ ಆಗ್ನೇಯಕ್ಕೆ, ಕೊಲ್ಹಾಪುರ ನೈಋತ್ಯಕ್ಕೆ, ಸಾಂಗಲಿ ವಾಯವ್ಯಕ್ಕೆ ಬೀಳುತ್ತವೆ. ಜತ್ತದ ಆಸ್ಪತ್ರೆಗಳನ್ನು ಹುಡುಕುವಾಗ ಉಳಿದ ಮೂರು ಪಾಲನ್ನು ಮುಟ್ಟಬೇಕಾಗಿಲ್ಲ. ಪ್ರತಿ ಪಾಲನ್ನೂ ಮತ್ತೆ ನಾಲ್ಕಾಗಿ ಸೀಳುತ್ತ ಹೋದರೆ ಸಿಗುವ ಮರವೇ ಕ್ವಾಡ್‌ಟ್ರೀ. ಫಿಂಕೆಲ್ ಮತ್ತು ಬೆಂಟ್ಲಿ ಇದನ್ನು ಮುಂದಿಟ್ಟದ್ದು 1974ರಲ್ಲಿ.

ಈ ಮರ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ಮಿರಜ ಆಸ್ಪತ್ರೆಗಳ ಊರು, ರಾಜ್ಯದ ಗಡಿಯೀಚೆಯ ಕನ್ನಡಿಗರೂ ಚಿಕಿತ್ಸೆಗೆ ಹೋಗುವ ಊರು. ಅಲ್ಲಿ ಆಸ್ಪತ್ರೆಗಳ ಬಿಂದುಗಳು ಒತ್ತೊತ್ತಾಗಿರುವುದರಿಂದ ಕವಲಿಗೆ ಕವಲು ಒಡೆದು ಕೊಂಬೆ ಆಳಕ್ಕಿಳಿಯುತ್ತದೆ. ಜತ್ತದ ಬಯಲಲ್ಲಿ ಒಂದೆರಡು ಹೆಜ್ಜೆಗೇ ಎಲೆ, ಅಂದರೆ ಬಿಂದುಗಳನ್ನು ಇಟ್ಟಿರುವ ಕೊನೆಯ ತುದಿ, ಸಿಗುತ್ತದೆ. ಅಕ್ಷರ, ಅಂಕಿಗಳ ರಾಡಿಕ್ಸ್ ಮರವೂ ಇದೇ ಕುಲದ್ದು: ಸಾಂಗಲಿ, ಮಿರಜ ಎರಡಕ್ಕೂ 0233 ಒಂದೇ ಎಸ್‌ಟಿಡಿ ಕೋಡ್, ಮರ ಅದನ್ನು ಮೇಲೆ ಒಮ್ಮೆ ಮಾತ್ರ ಬರೆದು, ಮುಂದಿನ ಅಂಕಿಗಳಿಗಷ್ಟೇ ಕವಲೊಡೆಯುತ್ತದೆ.

ಒಂದೊಂದು ಮರಕ್ಕೂ ಡೇಟಾಬೇಸಿನೊಳಗೆ ಬೇರೆ ಬೇರೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಕಟ್ಟುವುದು ಸಣ್ಣ ಕೆಲಸವಲ್ಲ. ಡಿಸ್ಕಿಗೆ ಬರೆಯುವುದು, ಏಕಕಾಲಕ್ಕೆ ಹಲವರು ತಿದ್ದಿದರೂ ಕೆಡದಂತೆ ನೋಡುವುದು, ಕರೆಂಟು ಹೋಗಿ ಬಂದ ಮೇಲೆ ಸರಿಪಡಿಸುವುದು ಎಲ್ಲವನ್ನೂ ಪ್ರತಿ ಸಲ ಮೊದಲಿನಿಂದ ಬರೆಯಬೇಕು. ಸಮತೋಲದ ಮರಗಳಿಗೆ 1995ರಲ್ಲೇ ಜಿಸ್ಟ್ ಎಂಬ ಸಾಮಾನ್ಯ ಚೌಕಟ್ಟು ಬಂದಿತ್ತು. ಏರುಪೇರಿನ ಮರಗಳಿಗೆ ಅಂಥದ್ದನ್ನು, ಎಸ್‌ಪಿ-ಜಿಸ್ಟ್ ಎಂಬ ಹೆಸರಿನಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ವಾಲಿದ್ ಆರಿಫ್ ಮತ್ತು ಇಹಾಬ್ ಇಲ್ಯಾಸ್ 2001ರಲ್ಲಿ ಪ್ರಕಟಿಸಿದರು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಅದನ್ನು ತಂದವರು ತಿಯೋದೊರ್ ಸಿಗಾಯೆವ್ ಮತ್ತು ಓಲೆಗ್ ಬಾರ್ತುನೋವ್, 2012ರ 9.2 ಆವೃತ್ತಿಯಲ್ಲಿ ಅದು ಸೇರಿತು.

ಹೊಸ ಮರ ತರುವವನು ಮುಖ್ಯವಾಗಿ ಐದು ಫಂಕ್ಷನ್ ಬರೆದುಕೊಟ್ಟರೆ ಸಾಕು. ಮರದಲ್ಲಿ ಇಡುವುದು ಎಂಥ ಮಾಹಿತಿ? ಹೊಸ ಬಿಂದು ಯಾವ ಕವಲಿಗೆ? ಎಲೆ ತುಂಬಿದರೆ ಸೀಳುವುದು ಹೇಗೆ? ಹುಡುಕುವಾಗ ಯಾವ ಕವಲಿಗೆ ಇಳಿಯಬೇಕು? ಎಲೆಯಲ್ಲಿ ಸಿಕ್ಕಿದ್ದು ಬೇಕಾದದ್ದೇ? ಉಳಿದ ಭಾರವೆಲ್ಲ ಚೌಕಟ್ಟಿನದು.

ನನಗೆ ಬಹಳ ಮೆಚ್ಚುಗೆಯಾದ ಕುಸುರಿ ಇರುವುದು ಆ ಭಾರದೊಳಗೇ. ಕ್ವಾಡ್‌ಟ್ರೀಯ ಗಂಟುಗಳು, ಅಂದರೆ ಕವಲೊಡೆಯುವ ತಾಣಗಳು, ಪುಟ್ಟವು, ದಾರಿ ಉದ್ದ. ಪೋಸ್ಟ್‌ಗ್ರೆಸ್ ಡಿಸ್ಕಿನಿಂದ ಓದುವುದೋ ಸಾಮಾನ್ಯವಾಗಿ 8 ಕಿಲೋಬೈಟಿನ ಪುಟಗಳಲ್ಲಿ. ಗಂಟಿಗೊಂದು ಪುಟ ಕೊಟ್ಟರೆ ಮಿರಜದ ಆಳದ ಕೊಂಬೆಗೆ ಇಳಿಯುವಷ್ಟರಲ್ಲಿ ಹತ್ತಾರು ಪುಟ ತಿರುವಬೇಕಾದೀತು. ಆದ್ದರಿಂದ ಹಲವು ಗಂಟುಗಳನ್ನು ಒಂದೇ ಪುಟದಲ್ಲಿ ಜೋಡಿಸಿ, ಮಗು-ಗಂಟನ್ನು ಆದಷ್ಟೂ ತಾಯಿ-ಗಂಟಿನ ಪುಟದಲ್ಲೇ ಇರಿಸಲು ಚೌಕಟ್ಟು ಯತ್ನಿಸುತ್ತದೆ. ಮರ ಆಳವಾದರೂ ಓದುವ ಪುಟಗಳು ಕೆಲವೇ.

ಪೋಸ್ಟ್‌ಗ್ರೆಸ್‌ನ 2019ರ 12ನೇ ಆವೃತ್ತಿಯಿಂದ ಎಸ್‌ಪಿ-ಜಿಸ್ಟ್ ಅತಿ ಹತ್ತಿರದ ಬಿಂದುವನ್ನೂ ಹುಡುಕಿಕೊಡುತ್ತದೆ. ಅಥಣಿಯ ರೋಗಿಗೆ ಹತ್ತಿರದ ಆಸ್ಪತ್ರೆ ಯಾವುದೆಂದರೆ, ಪ್ರತಿ ಕವಲೂ ಕನಿಷ್ಠ ಎಷ್ಟು ದೂರವೆಂದು ಲೆಕ್ಕಹಾಕಿ, ಸಮೀಪದ್ದನ್ನೇ ಮೊದಲು ತೆರೆಯುತ್ತದೆ. ಆಗಲೇ ಸಿಕ್ಕ ಆಸ್ಪತ್ರೆಗಿಂತ ದೂರವಿರುವ ಕವಲುಗಳನ್ನು ತೆರೆಯುವುದೇ ಇಲ್ಲ.