ನಂಜು ಮತ್ತು ವಂಶವಾಹಿ: ಕಪಿಲಾ ಸೀಮೆಯ ಒಂದು ಪರಿಕಲ್ಪನೆಯ ಹಿನ್ನೆಲೆಯಲ್ಲಿ

ನಂಜನಗೂಡಿನ ಹೆಸರಿನಲ್ಲಿಯೇ ನಂಜು ಇದೆ. ಸಂಸ್ಕೃತದಲ್ಲಿ ಈ ಕ್ಷೇತ್ರ ಗರಳಪುರಿ. ಹಾಲಾಹಲವನ್ನು ಉಂಡವನು ನಂಜುಂಡ. ನಂಜಪ್ಪ, ನಂಜಮ್ಮ, ನಂಜೇಗೌಡ, ನಂಜುಂಡಯ್ಯ ಎಂಬ ಹೆಸರುಗಳು ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಹೇರಳವಾಗಿವೆ. ಆನೆಯ ಕಣ್ಣಿನ ಬೇನೆ ವಾಸಿಯಾದುದಕ್ಕೆ ಟಿಪ್ಪು ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಐತಿಹ್ಯವೂ ಇಲ್ಲಿಯದೇ. ಆದರೆ ಜನಬಳಕೆಯ ‘ನಂಜು’ ಕೊಲ್ಲುವ ವಿಷವಷ್ಟೇ ಅಲ್ಲ. ಗಾಯ ಕೀತುಕೊಂಡರೆ ‘ನಂಜಾಯಿತು’ ಎನ್ನುತ್ತಾರೆ. ಹುಣ್ಣಿದ್ದವರಿಗೆ ಬದನೆಕಾಯಿ ನಂಜು. ಒಬ್ಬರ ದೇಹಕ್ಕೆ ಒಗ್ಗಿದ್ದು ಇನ್ನೊಬ್ಬರಿಗೆ ನಂಜಾಗಬಹುದೆಂಬ ತಿಳಿವಳಿಕೆ ಈ ಪದದಲ್ಲಿ ಅಡಗಿದೆ. ವಸ್ತುವಿನಷ್ಟೇ ಅದನ್ನು ಎದುರಿಸುವ ದೇಹವೂ ಇಲ್ಲಿ ಮುಖ್ಯ.

ಜೀವವಿಜ್ಞಾನ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಕೇಳುತ್ತದೆ. ಜೀವಕೋಶವನ್ನು ಹೊಕ್ಕ ವಿಷವನ್ನು ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳು ಮೊದಲು ಮಾರ್ಪಡಿಸುತ್ತವೆ. ಬಳಿಕ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಕಿಣ್ವಗಳು ಅದಕ್ಕೆ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಅಂಟಿಸುತ್ತವೆ. ಗುರುತು ಹಚ್ಚಿಸಿಕೊಂಡ ಈ ವಿಷವನ್ನು ಪ್ರಾಣಿಗಳು ಪಿತ್ತ, ಮೂತ್ರಗಳ ಮೂಲಕ ಹೊರಹಾಕುತ್ತವೆ. ಸಸ್ಯಕ್ಕೆ ಅಂತಹ ವಿಸರ್ಜನಾಂಗವಿಲ್ಲ. ಅದು ವಿಷವನ್ನು ಜೀವಕೋಶದ ರಸದಾನಿಯೊಳಗೆ ಕೂಡಿಡುತ್ತದೆ. ಪಾರ್ವತಿ ಕೊರಳನ್ನು ಒತ್ತಿ ಹಿಡಿದುದರಿಂದ ವಿಷ ಕಂಠದಲ್ಲಿಯೇ ನಿಂತಿತೆಂಬ ಕಥೆಗೆ ಹತ್ತಿರವಾದುದು ಮನುಷ್ಯನ ಯಕೃತ್ತಲ್ಲ, ಭತ್ತದ ಗಿಡ. ಹೀಗೆಂದು ಹಿಂದಿನವರಿಗೆ ಕಿಣ್ವಗಳ ಜ್ಞಾನವಿತ್ತೆಂದು ವಾದಿಸುವುದು ಐತಿಹ್ಯಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ.

ಈ ಕಿಣ್ವಗಳ ವಂಶವಾಹಿಗಳ ರಚನೆ ಹೆಚ್ಚು ಕುತೂಹಲಕರವಾದುದು. ವಂಶವಾಹಿಯಲ್ಲಿ ಕಿಣ್ವದ ರೂಪವನ್ನು ಹೇಳುವ ತುಣುಕುಗಳು ಎಕ್ಸಾನುಗಳು. ಅವುಗಳ ನಡುವೆ ಬಂದು, ನಕಲಾದ ಮೇಲೆ ಕತ್ತರಿಸಿ ಹೋಗುವ ಭಾಗಗಳು ಇಂಟ್ರಾನುಗಳು. ಸಸ್ಯಗಳಿಗೆ ವಿಶಿಷ್ಟವಾದ ಟೌ ವರ್ಗದ ಟ್ರಾನ್ಸ್‌ಫರೇಸ್ ವಂಶವಾಹಿಗಳಲ್ಲಿ ಸಾಮಾನ್ಯವಾಗಿ 2 ಎಕ್ಸಾನುಗಳು, ಫೈ ವರ್ಗದಲ್ಲಿ 3. ಮನುಷ್ಯನ ಪೈ ವರ್ಗದ ವಂಶವಾಹಿಯಲ್ಲಿ 7, ಮ್ಯೂ ವರ್ಗದಲ್ಲಿ 8. ಸಸ್ಯ ಪ್ರಾಣಿಗಳೆರಡರಲ್ಲಿಯೂ ಉಳಿದುಬಂದಿರುವ ಝೀಟಾ ವರ್ಗದಲ್ಲಿ ಒಂಬತ್ತು ಹತ್ತು. ತುಣುಕುಗಳ ಸಂಖ್ಯೆ ಹೀಗೆ ಬೇರೆಬೇರೆಯಾದರೂ ಕಿಣ್ವದ ವಿನ್ಯಾಸ ಒಂದೇ: ಗ್ಲುಟಾಥಯೋನನ್ನು ಹಿಡಿಯುವ ಮೊದಲ ಭಾಗ ಹೆಚ್ಚು ಬದಲಾಗದೆ ಉಳಿದಿದೆ, ವಿಷವನ್ನು ಹಿಡಿಯುವ ಕೊನೆಯ ಭಾಗ ಬಗೆಬಗೆಯಾಗಿದೆ.

ಇನ್ನೊಂದು ಲಕ್ಷಣವೆಂದರೆ ಗೊಂಚಲು. ಒಂದು ವಂಶವಾಹಿ ನಕಲಾಗಿ ಪಕ್ಕದಲ್ಲಿಯೇ ನಿಲ್ಲುತ್ತದೆ. ಆ ನಕಲು ಬದಲಾಗುತ್ತ ಹೊಸ ವಿಷವನ್ನು ಎದುರಿಸುವ ಶಕ್ತಿ ಪಡೆಯಬಹುದು. ಭತ್ತದ 10ನೇ ವರ್ಣತಂತುವಿನಲ್ಲಿ ಟೌ ವರ್ಗದ ವಂಶವಾಹಿಗಳ ದೊಡ್ಡ ಗೊಂಚಲಿದೆ. ಪಿ450 ವಂಶವಾಹಿಗಳು ಮನುಷ್ಯನಲ್ಲಿ 57. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಸುಮಾರು 245. ಓಡಿ ತಪ್ಪಿಸಿಕೊಳ್ಳಲಾಗದ ಗಿಡ ತನ್ನ ರಕ್ಷಣೆಯ ರಾಸಾಯನಿಕಗಳನ್ನು ತಾನೇ ತಯಾರಿಸಬೇಕಾದುದೂ ಈ ಹೆಚ್ಚಳಕ್ಕೆ ಒಂದು ಕಾರಣ. ಗೊಂಚಲು ನಷ್ಟವನ್ನೂ ತರುತ್ತದೆ. ಮನುಷ್ಯನ 1ನೇ ವರ್ಣತಂತುವಿನಲ್ಲಿ ಮ್ಯೂ ವರ್ಗದ ವಂಶವಾಹಿಗಳು ಸಾಲಾಗಿವೆ. ಅಕ್ಕಪಕ್ಕದ ಒಂದೇ ತೆರನ ಭಾಗಗಳು ತಪ್ಪಾಗಿ ಜೋಡಿಯಾದುದರಿಂದ ಅವುಗಳಲ್ಲಿ ಒಂದು, ಜಿಎಸ್‌ಟಿಎಂ1, ಕೋಟ್ಯಂತರ ಜನರಲ್ಲಿ ಪೂರ್ತಿಯಾಗಿ ಇಲ್ಲವಾಗಿದೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ನಂಜಾಗುವುದಕ್ಕೆ ಇಂತಹ ವ್ಯತ್ಯಾಸಗಳೂ ಕಾರಣವಾಗಬಲ್ಲವು.

ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿನ ಸುತ್ತ ಭತ್ತದ ಗದ್ದೆಗಳಿವೆ. ಪ್ರೆಟಿಲಾಕ್ಲೋರ್ ಎಂಬ ಕಳೆನಾಶಕವನ್ನು ಭತ್ತ ತಾಳಿಕೊಳ್ಳುವುದು ಈ ಕಿಣ್ವಗಳ ಬಲದಿಂದ. ಬಿತ್ತನೆ ಭತ್ತಕ್ಕೆ ಅದರೊಡನೆ ಬೆರೆಸುವ ಫೆಂಕ್ಲೋರಿಮ್ ಭತ್ತದ ಟ್ರಾನ್ಸ್‌ಫರೇಸ್ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಆದರೆ ಅದೇ ಉಪಾಯ ಭತ್ತದ ಶತ್ರುವಿಗೂ ತಿಳಿದಿದೆ. ಕಂದು ಜಿಗಿಹುಳುವಿಗೆ ಸಿಂಪಡಿಸುವ ಇಮಿಡಾಕ್ಲೋಪ್ರಿಡ್ 2000ದ ದಶಕದಲ್ಲಿ ಏಷ್ಯಾದ ಹಲವೆಡೆ ಸೋಲತೊಡಗಿತು. 2018ರಲ್ಲಿ ಪ್ರಕಟವಾದ ಸಂಶೋಧನೆಯು ಕಾರಣವನ್ನು ಗುರುತಿಸಿತು: ಹುಳುವಿನ ಸಿವೈಪಿ6ಇಆರ್1 ಎಂಬ ಪಿ450 ವಂಶವಾಹಿ ನಕಲಾಗಿದೆ, ಒಂದು ಪ್ರತಿ ಹಳೆಯ ರೂಪದಲ್ಲಿಯೇ ಉಳಿದರೆ ಇನ್ನೊಂದು ಬದಲಾಗಿ ಕೀಟನಾಶಕವನ್ನು ಕೆಡಿಸುತ್ತದೆ. ಪ್ರಮಾಣ ಹೆಚ್ಚಿಸಿ ಸಿಂಪಡಿಸಿದಷ್ಟೂ ಬದುಕುಳಿಯುವುದು ಆ ಪ್ರತಿಯುಳ್ಳ ಹುಳುವೇ. ಜಿಗಿಹುಳುವನ್ನು ತಿನ್ನುವ ಜೇಡಗಳೂ ಆ ಸಿಂಪಡಣೆಗೆ ಸಾಯುತ್ತವೆ. ಗದ್ದೆಯ ನೀರನ್ನು ಆಗಾಗ ಬಸಿದು ಆರಗೊಡುವುದು, ಯೂರಿಯಾ ತಗ್ಗಿಸುವುದು, ನಾಟಿಯಲ್ಲಿ ಅಲ್ಲಲ್ಲಿ ಗಾಳಿಯಾಡಲು ಸಾಲು ಬಿಡುವುದು ಬುಡದಲ್ಲಿ ಕೂರುವ ಈ ಹುಳುವಿನ ನೆಲೆಯನ್ನೇ ಕೆಡಿಸುವ ಕ್ರಮಗಳು. ಆ ನಕಲು ವಂಶವಾಹಿಗೆ ಇವುಗಳ ಎದುರು ಕೆಲಸವಿಲ್ಲ.